ಕಾರಿನ ಸ್ಪೀಕರ್‌ಗೆ ಆ್ಯಕ್ಟಿವ್ ಕ್ರಾಸ್‌ಓವರ್ ಬೇಕೇ, ಪ್ಯಾಸಿವ್ ಸಾಕೇ?

ಪ್ರಶ್ನೆ: ಕಾರವಾರದಿಂದ ಶಿರಸಿಗೆ ಆಗಾಗ ಒಬ್ಬನೇ ಕಾರಿನಲ್ಲಿ ಹೋಗಿಬರುತ್ತೇನೆ. ದಾರಿಯುದ್ದಕ್ಕೂ ಯಕ್ಷಗಾನದ ಪದ ಕೇಳುವ ರೂಢಿ. ಮುಂದೆ ಕಾಂಪೊನೆಂಟ್ ಸ್ಪೀಕರ್ (ಟ್ವೀಟರ್, ವೂಫರ್ ಬೇರೆ ಬೇರೆ ಇರುವುದು), ಹಿಂದೆ ಕೋಆ್ಯಕ್ಸಿಯಲ್ ಸ್ಪೀಕರ್ (ಎರಡೂ ಒಂದರಲ್ಲೇ ಇರುವುದು), ನಾಲ್ಕು ಚಾನೆಲ್‌ಗಳ ಆಂಪ್ಲಿಫೈಯರ್ ಇವೆ. ಜತೆಗೆ ಬಂದ ಪ್ಯಾಸಿವ್ ಕ್ರಾಸ್‌ಓವರ್ (ಸ್ವರಗಳನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ತೆಗೆದು ಆ್ಯಕ್ಟಿವ್ ಮಾಡಿಸಿದರೆ ಧ್ವನಿ ಬಹಳ ಸುಧಾರಿಸುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಮಾಡಿಸಲೇ?
– ಓದುಗರು, ಕಾರವಾರ

ಉತ್ತರ: ಡಿಎಸ್‌ಪಿ (ಧ್ವನಿಯನ್ನು ಡಿಜಿಟಲ್ ಆಗಿ ಹೊಂದಿಸುವ ಸಾಧನ) ಇಲ್ಲದಿದ್ದರೆ ಸದ್ಯಕ್ಕೆ ಬೇಡ. ಆ ಟ್ವೀಟರ್ (ಎತ್ತರದ ಸ್ವರದ ಸ್ಪೀಕರ್), ಆ ವೂಫರ್‌ಗೆಂದೇ (ತಗ್ಗಿನ ಸ್ವರದ ಸ್ಪೀಕರ್) ತಯಾರಕರು ಲೆಕ್ಕ ಹಾಕಿ ಕೊಟ್ಟ ಪ್ಯಾಸಿವ್ ಕ್ರಾಸ್‌ಓವರನ್ನು, ಅಂದಾಜಿನ ಮೇಲೆ ಹೊಂದಿಸಿದ ಆ್ಯಕ್ಟಿವ್ ವ್ಯವಸ್ಥೆ ಮೀರಿಸುವುದು ಅಪರೂಪ.

ಪ್ಯಾಸಿವ್ ಕ್ರಾಸ್‌ಓವರ್ ಆಂಪ್ಲಿಫೈಯರ್‌ನಿಂದ ಹೊರಟ ಸಿಗ್ನಲ್ಲನ್ನು ಕಾಯಿಲ್ ಮತ್ತು ಕೆಪಾಸಿಟರ್‌ಗಳ ಮೂಲಕ ಟ್ವೀಟರ್‌ಗೂ ವೂಫರ್‌ಗೂ ಹಂಚುತ್ತದೆ. ಆ್ಯಕ್ಟಿವ್‌ನಲ್ಲಿ ಈ ಹಂಚಿಕೆ ಆಂಪ್ಲಿಫೈಯರ್‌ಗೂ ಮೊದಲೇ ಮುಗಿಯುವುದರಿಂದ ಪ್ರತಿ ಸ್ಪೀಕರ್‌ಗೂ ಸ್ವಂತ ಚಾನೆಲ್ ಬೇಕಾಗುತ್ತದೆ. ಮುಂದಿನ ಎರಡು ಟ್ವೀಟರ್, ಎರಡು ವೂಫರ್‌ಗೇ ನಿಮ್ಮ ನಾಲ್ಕೂ ಚಾನೆಲ್ ಖರ್ಚಾಗಿ, ಹಿಂದಿನ ಸ್ಪೀಕರ್‌ಗಳಿಗೆ ಏನೂ ಉಳಿಯುವುದಿಲ್ಲ. ಒಬ್ಬರೇ ಓಡಾಡುವವರಿಗೆ ಅದೇನೂ ದೊಡ್ಡ ನಷ್ಟವಲ್ಲ.

ಕಾರಿನಲ್ಲಿ ಆ್ಯಕ್ಟಿವ್‌ನ ನಿಜವಾದ ಲಾಭವಿರುವುದು ಡಿಎಸ್‌ಪಿ ಕೊಡುವ ಸಮಯದ ಹೊಂದಾಣಿಕೆಯಲ್ಲಿ. ಚಾಲಕನ ಆಸನ ಬಲಕ್ಕಿರುವುದರಿಂದ ಬಲಗಡೆಯ ಸ್ಪೀಕರ್‌ಗಳು ನಿಮಗೆ ಹತ್ತಿರ, ಎಡಗಡೆಯವು ದೂರ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ದೂರದ ವ್ಯತ್ಯಾಸ 50 ಸೆಂಟಿಮೀಟರ್ ಇದ್ದರೆ ಎಡಗಡೆಯ ಸದ್ದು ಸುಮಾರು 1.5 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಅಷ್ಟು ಸಾಕು, ಭಾಗವತರು ಎದುರಿಗೆ ಕುಳಿತು ಹಾಡುವ ಬದಲು ಬಲಬಾಗಿಲಿನ ಮೂಲೆಯಿಂದ ಹಾಡಿದಂತೆ ಕೇಳುತ್ತದೆ. ಭಾಗವತರ ಕಂಠದ ಬಹುಪಾಲು ವೂಫರ್‌ನಿಂದ, ಚಂಡೆಯ ಪೆಟ್ಟಿನ ಮೊನಚು ಮತ್ತು ತಾಳದ ಝೇಂಕಾರ ಹೆಚ್ಚಾಗಿ ಟ್ವೀಟರ್‌ನಿಂದ ಬರುವುದರಿಂದ, ನಾಲ್ಕೂ ಸ್ಪೀಕರ್‌ಗಳಿಗೆ ಬೇರೆ ಬೇರೆ ವಿಳಂಬ ಕೊಟ್ಟು ಕೂಡಿಸಿದಾಗ ಮೇಳ ಒಂದೇ ಕಡೆ ಕೂತಂತಾಗುತ್ತದೆ. ಈ ಅನುಭವ ಖರ್ಚಿಗೆ ತಕ್ಕದ್ದೇ ಎಂದು ನಾನು ನಂಬಿದ್ದೇನೆ, ಆದರೆ ಅಳತೆಯ ಮೈಕ್ ಇಟ್ಟು, ತಾಳ್ಮೆಯಿಂದ ಹೊಂದಿಸಿಕೊಡುವವರು ಸಿಗಬೇಕು.

ಆಂಪ್ಲಿಫೈಯರ್‌ನಲ್ಲಿರುವ ಫಿಲ್ಟರನ್ನೇ ಬಳಸುವುದಾಗಿ ಅಂಗಡಿಯವರು ಹೇಳಿದರೆ, ಅದರ ಹೈಪಾಸ್ (ನಿಗದಿತ ಮಟ್ಟಕ್ಕಿಂತ ಮೇಲಿನ ಸ್ವರವನ್ನಷ್ಟೇ ಬಿಡುವ ಫಿಲ್ಟರ್) ಎಷ್ಟು ಹರ್ಟ್ಸ್‌ವರೆಗೆ ಹೋಗುತ್ತದೆ ಎಂದು ಮೊದಲು ನೋಡಿ. ಹಲವು ಆಂಪ್ಲಿಫೈಯರ್‌ಗಳಲ್ಲಿ ಅದು ಕೆಲವು ನೂರು ಹರ್ಟ್ಸ್‌ಗೇ ನಿಲ್ಲುತ್ತದೆ. ಟ್ವೀಟರ್‌ಗೆ ಸಾಮಾನ್ಯವಾಗಿ ಬೇಕಾದದ್ದು 2,500ರಿಂದ 3,500 ಹರ್ಟ್ಸ್. ಸೆಟ್ಟಿಂಗ್ ತಪ್ಪಿ ತಗ್ಗಿನ ಸ್ವರಗಳು ಒಳಹೋದರೆ ಟ್ವೀಟರ್‌ನ ವಾಯ್ಸ್ ಕಾಯಿಲ್ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ಆ್ಯಕ್ಟಿವ್ ಮಾಡಿಸುವವರು ಪ್ರತಿ ಟ್ವೀಟರ್‌ನ ಸರಣಿಯಲ್ಲಿ ಒಂದು ನಾನ್‌ಪೋಲಾರ್ ಕೆಪಾಸಿಟರ್ ಹಾಕಿಸಬೇಕು. 4 ಓಮ್ ಟ್ವೀಟರ್‌ಗೆ 47 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 850 ಹರ್ಟ್ಸ್‌ಗಿಂತ ಕೆಳಗಿನದು ಕ್ರಮೇಣ ಕಡಿಮೆಯಾಗುತ್ತದೆ, ಮೇಲಿನ ಸ್ವರಕ್ಕೆ ಹೆಚ್ಚಿನ ಬಾಧೆಯಿಲ್ಲ.

ನಿಮಗೆ ನನ್ನ ಸಲಹೆ ನಡುವಿನ ದಾರಿ. ಟ್ವೀಟರ್ ಮತ್ತು ವೂಫರ್ ನಡುವೆ ಈಗಿರುವ ಪ್ಯಾಸಿವ್ ಕ್ರಾಸ್‌ಓವರೇ ಇರಲಿ. ಮುಂದಿನ ಚಾನೆಲ್‌ಗಳಿಗೆ ಆಂಪ್ಲಿಫೈಯರ್‌ನ ಹೈಪಾಸನ್ನು 80 ಹರ್ಟ್ಸ್ ಸುಮಾರಿಗೆ ಇಟ್ಟುಕೊಳ್ಳಿ. ಹಿಂದಿನ ಸ್ಪೀಕರ್‌ಗಳ ಸದ್ದು ತಗ್ಗಿಸಿ. ಚಂಡೆ ಕಿವಿ ಚುಚ್ಚುತ್ತಿದ್ದರೆ, ಕ್ರಾಸ್‌ಓವರ್ ಪೆಟ್ಟಿಗೆಯಲ್ಲಿ ಟ್ವೀಟರ್ ಮಟ್ಟವನ್ನು ಇಳಿಸುವ ಆಯ್ಕೆ ಇದೆಯೇ ನೋಡಿ. ಟ್ವೀಟರ್ ಮಾತ್ರ ಬದಲಿಸಲು ಹೋಗಬೇಡಿ. ಒಂದೇ ಕೆಪಾಸಿಟರ್‌ನ ಸರಳ ಕ್ರಾಸ್‌ಓವರ್‌ಗೆ 4 ಓಮ್ ಬದಲು 8 ಓಮ್ ಟ್ವೀಟರ್ ಜೋಡಿಸಿದರೆ 3,000 ಹರ್ಟ್ಸ್ ಇದ್ದ ಹಂಚಿಕೆಯ ಗಡಿ 1,500ಕ್ಕೆ ಇಳಿದುಬಿಡುತ್ತದೆ.

ಕರಾವಳಿಯವರು ಗಮನಿಸಬೇಕಾದ ಇನ್ನೊಂದು ವಿಷಯ: ಪ್ಯಾಸಿವ್ ಪೆಟ್ಟಿಗೆಯನ್ನು ಬಾಗಿಲಿನೊಳಗೆ ಕೂರಿಸಿದ್ದರೆ ಮಳೆಗಾಲದಲ್ಲಿ ಗಾಜಿನಂಚಿನಿಂದ ಇಳಿಯುವ ನೀರು ಅದಕ್ಕೆ ತಾಗಬಹುದು, ಉಪ್ಪುಗಾಳಿಗೆ ತಾಮ್ರದ ತುದಿಗಳು ಕಿಲುಬು ಹಿಡಿಯುತ್ತವೆ. ಅದನ್ನು ಡ್ಯಾಶ್‌ಬೋರ್ಡ್ ಅಡಿಗೆ ಸ್ಥಳಾಂತರಿಸಿ, ತವರ ಲೇಪಿಸಿದ ತಾಮ್ರದ ವೈರ್ ಬಳಸಿ. ಹಸಿರುಗಟ್ಟಿದ ತುದಿ ಕಂಡರೆ ಅಷ್ಟನ್ನು ಕತ್ತರಿಸಿ ಹೊಸದಾಗಿ ಜೋಡಿಸಿ.