ನಾಲ್ಕನೆಯವನ ಜಾಗ

ನಾನು ಆಪ್ತಸಲಹೆಗಾರ್ತಿ. ವೈದ್ಯೆಯಲ್ಲ, ಫಿಸಿಯೋಥೆರಪಿಸ್ಟ್ ಕೂಡ ಅಲ್ಲ. ನನ್ನ ಬಳಿಗೆ ಜನ ನಿದ್ದೆ ಬರುವುದಿಲ್ಲ ಎಂದೋ, ಸಿಟ್ಟು ಹತೋಟಿಗೆ ಸಿಗುತ್ತಿಲ್ಲ ಎಂದೋ ಬರುತ್ತಾರೆ. ಹಿಮ್ಮಡಿ ನೋವು ಎಂದು ಯಾರೂ ಬರುವುದಿಲ್ಲ. ಆದರೆ ಆ ಸಿಟ್ಟಿನ ಜಾಡು ಹಿಡಿದು ಹೋದಾಗ ಕೊನೆಯಲ್ಲಿ ವಾಸಿಯಾಗದ ಒಂದು ಗಾಯ ಸಿಗುವುದು ಈಚೆಗೆ ಹೆಚ್ಚಾಗಿದೆ. ಬರುವವರೆಲ್ಲ ಹವ್ಯಾಸಕ್ಕಾಗಿ ಆಡುವವರು, ಓಡುವವರು. ಪದಕಕ್ಕಾಗಿ ಆಡುವವರಿಗಾದರೆ ತರಬೇತುದಾರ ಬೈದು ಕೂರಿಸುತ್ತಾನೆ. ಇವರನ್ನು ಕೂರಿಸುವವರು ಯಾರೂ ಇಲ್ಲ.

ಅಂಥ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರ ಮೊದಲ ಎರಡು ಭೇಟಿಗಳನ್ನು ನಾನೇ ಕೆಡಿಸಿದ್ದೆ ಎನ್ನುವುದೂ ಬರೆಯಲು ಒಂದು ಕಾರಣ. ವಯಸ್ಸು, ವೃತ್ತಿ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಆಟವನ್ನು ಮಾತ್ರ ಬದಲಿಸಿಲ್ಲ. ಬದಲಿಸಿದರೆ ಹೇಳಬೇಕಾದದ್ದೇ ಉಳಿಯುವುದಿಲ್ಲ. ಅವರ ಒಪ್ಪಿಗೆ ಪಡೆದಿದ್ದೇನೆ.

ಅವರಿಗೆ 46 ವರ್ಷ. ವಾರದಲ್ಲಿ ಐದು ದಿನ ಕುರ್ಚಿಯ ಮೇಲೆ ಕೆಲಸ. ಶನಿವಾರ, ಭಾನುವಾರ ಬೆಳಗ್ಗೆ ಎರಡೆರಡು ಗಂಟೆ ಬ್ಯಾಡ್ಮಿಂಟನ್ ಡಬಲ್ಸ್. ಏಳು ತಿಂಗಳಿನಿಂದ ಎಡ ಹಿಮ್ಮಡಿಯ ಹಿಂಭಾಗದಲ್ಲಿ, ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಬೆಸೆಯುವ ಅಕಿಲಿಸ್ ಸ್ನಾಯುರಜ್ಜು ಇರುವಲ್ಲಿ ನೋವು. ಬೆಳಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹತ್ತು ಹೆಜ್ಜೆ ನರಕ. ಇಬ್ಬರು ಫಿಸಿಯೋಥೆರಪಿಸ್ಟರು ಆಟ ನಿಲ್ಲಿಸಿ ಎಂದಿದ್ದರು. ಇವರು ಆಟ ನಿಲ್ಲಿಸದೆ ಫಿಸಿಯೋಥೆರಪಿಸ್ಟರನ್ನೇ ಬದಲಿಸಿದ್ದರು. ನನ್ನಲ್ಲಿಗೆ ಕಳುಹಿಸಿದವರು ಹೆಂಡತಿ. ಮನೆಯಲ್ಲಿ ಮಾತೆತ್ತಿದರೆ ಸಿಡುಕು, ಮಕ್ಕಳ ಮೇಲೆ ರೇಗಾಟ ಎಂಬುದು ಅವರ ದೂರು.

ಮೊದಲ ಎರಡು ಭೇಟಿಗಳಲ್ಲಿ ನಾನು ಹಿಡಿದದ್ದು ವಯಸ್ಸಿನ ಎಳೆಯನ್ನು. ತಾನಿನ್ನೂ ಇಪ್ಪತ್ತೈದರ ಹುಡುಗ ಎಂದು ತೋರಿಸಿಕೊಳ್ಳುವ ಹಟ ಎಂದುಕೊಂಡೆ. ಮಾಂಸಖಂಡ ಕೆಲವೇ ವಾರಗಳಲ್ಲಿ ಬಲವಾಗುತ್ತದೆ, ರಕ್ತಸಂಚಾರ ಕಡಿಮೆ ಇರುವ ಸ್ನಾಯುರಜ್ಜು ಆ ಬಲಕ್ಕೆ ಹೊಂದಿಕೊಳ್ಳಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ ಎಂದೆಲ್ಲ ವಿವರಿಸಿದೆ. ಅಕಿಲಿಸ್ ರಜ್ಜು ಹರಿದುಕೊಳ್ಳುವವರಲ್ಲಿ ಮೂವತ್ತರಿಂದ ಐವತ್ತರೊಳಗಿನ ಹವ್ಯಾಸಿ ಆಟಗಾರ ಗಂಡಸರೇ ಹೆಚ್ಚು ಎಂದು ಹೆದರಿಸಿದೆ ಕೂಡ. ಅವರು ತಲೆಯಾಡಿಸಿದರು. ಇವೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ತಿಳಿವಳಿಕೆಯ ಕೊರತೆ ಇಲ್ಲದವರಿಗೆ ತಿಳಿವಳಿಕೆ ಹೇಳುವಷ್ಟು ಸುಲಭದ ಕೆಲಸ ನಮ್ಮ ವೃತ್ತಿಯಲ್ಲಿ ಇನ್ನೊಂದಿಲ್ಲ.

ಮೂರನೆಯ ಭೇಟಿಗೆ ಆಟದ ಚೀಲದೊಂದಿಗೆ ನೇರವಾಗಿ ಅಂಕಣದಿಂದಲೇ ಬಂದರು. ಸ್ಕ್ಯಾನಿಂಗ್ ವರದಿ ತೋರಿಸಲೆಂದು ಚೀಲಕ್ಕೆ ಕೈ ಹಾಕಿದಾಗ ಒಂದು ಶಟಲ್ ಡಬ್ಬಿ ಜಾರಿ ನೆಲಕ್ಕೆ ಬಿತ್ತು. ಮುಚ್ಚಳ ಕಳಚಿಕೊಂಡಿತು. ಒಳಗಿನಿಂದ ಶಟಲ್ ಬರಲಿಲ್ಲ. ಹತ್ತಿಯ ಒಂದು ಉಂಡೆ ಬಂತು, ಅದರ ಹಿಂದೆ ನೋವಿನ ಮಾತ್ರೆಯ ಎರಡು ಪಟ್ಟಿಗಳು. ಒಂದು ಪೂರ್ತಿ ಖಾಲಿ, ಇನ್ನೊಂದರಲ್ಲಿ ಮೂರು ಉಳಿದಿದ್ದವು.

ಅವರು ಬಗ್ಗಿ ಎತ್ತಿಕೊಳ್ಳಲಿಲ್ಲ. ನಾನೂ ಎತ್ತಲಿಲ್ಲ.

"ಕಾರಿನಲ್ಲೇ ನುಂಗಿಕೊಳ್ಳುತ್ತೇನೆ, ಮೇಡಂ. ಆಟಕ್ಕೆ ಅರ್ಧ ಗಂಟೆ ಮೊದಲು."

"ಹತ್ತಿ ಯಾಕೆ?"

"ಮನೆಯಲ್ಲಿ ಚೀಲ ಎತ್ತುವಾಗ ಸದ್ದಾಗಬಾರದಲ್ಲ."

ಅಲ್ಲಿಯವರೆಗೆ ನಾನು ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳುತ್ತಿದ್ದೆ: ಹೀಗೇ ಆಡುತ್ತ ಹೋದರೆ ನಿಮ್ಮ ಕಾಲಿನ ಗತಿ ಏನು? ಸದ್ದು ಅಡಗಿಸಲು ಹತ್ತಿ ತುರುಕುವ ಮನುಷ್ಯನಿಗೆ ಆ ಪ್ರಶ್ನೆ ತಟ್ಟುವುದಿಲ್ಲ ಎಂದು ಆಗ ಹೊಳೆಯಿತು. "ಒಂದು ಶನಿವಾರ ನೀವು ಹೋಗಲಿಲ್ಲ ಎಂದುಕೊಳ್ಳಿ. ಅಲ್ಲಿ ಏನಾಗುತ್ತದೆ?" ಎಂದು ಕೇಳಿದೆ.

"ಏನೂ ಆಗುವುದಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸಿದರು. "ಮೂವರಿದ್ದರೆ ಡಬಲ್ಸ್ ನಡೆಯುವುದಿಲ್ಲ. ಹತ್ತು ನಿಮಿಷ ಕಾಯುತ್ತಾರೆ. ಆಮೇಲೆ ಪಕ್ಕದ ಅಂಕಣದಲ್ಲಿ ಖಾಲಿ ನಿಂತವನನ್ನು ಕರೆಯುತ್ತಾರೆ. ಅವನು ಚೆನ್ನಾಗಿ ಆಡಿದರೆ ಮುಂದಿನ ವಾರವೂ ಬರುತ್ತಾನೆ. ನಾನೂ ಹಾಗೆ ಬಂದವನೇ. ಯಾರದೋ ಮೊಣಕಾಲು ಕೈಕೊಟ್ಟಿತ್ತು."

"ಅವರು ಈಗ ಎಲ್ಲಿದ್ದಾರೆ?"

"ಗೊತ್ತಿಲ್ಲ." ಮತ್ತೆ ಮೌನ. "ಅವರ ಹೆಸರೂ ಮರೆತುಹೋಗಿದೆ, ಮೇಡಂ."

ಇದನ್ನು ಹೇಳಿ ಅವರು ತಮ್ಮ ಹಿಮ್ಮಡಿಯನ್ನು ನೋಡಿಕೊಂಡರು. ಉಳಿದ ಇಪ್ಪತ್ತು ನಿಮಿಷ ನಾವು ಕಾಲಿನ ವಿಷಯ ಎತ್ತಲೇ ಇಲ್ಲ. ಆ ಮೂವರನ್ನು ಬಿಟ್ಟರೆ ತನಗೆ ಗೆಳೆಯರಿಲ್ಲ ಎಂದರು. ಕಚೇರಿಯಲ್ಲಿರುವವರು ಸಹೋದ್ಯೋಗಿಗಳು, ಮನೆಯಲ್ಲಿರುವವರು ಮನೆಯವರು. ಹೆಗಲ ಮೇಲೆ ಕೈ ಹಾಕಿ "ಛೇ, ಎಂಥ ಶಾಟ್ ಬಿಟ್ಟೆಯೋ" ಎನ್ನುವವರು ಅಂಕಣದಲ್ಲಿ ಮಾತ್ರ. ಅಂದರೆ ನಾನು ಅಹಂಕಾರ ಎಂದು ತಿಳಿದಿದ್ದು ಭಯವಾಗಿತ್ತು. ಒಂದು ದಿನವೂ ಓಟ ತಪ್ಪಿಸದೆ, ಮೊಣಕಾಲಿನ ಕೆಳಗಿನ ನೋವನ್ನು ಮುಚ್ಚಿಟ್ಟುಕೊಂಡು ಬಂದಿದ್ದ ಒಬ್ಬ ಮಹಿಳೆಯನ್ನು ಅದಕ್ಕೆ ಎರಡು ವರ್ಷ ಮೊದಲು ನೋಡಿದ್ದೆ. ಅವರಿಗೂ ಹಟ ಬಿಡಿ ಎಂದೇ ಹೇಳಿ ಕಳುಹಿಸಿದ್ದೆ. ಅವರು ಮತ್ತೆ ಬರಲಿಲ್ಲ. ಅವರಿಗೂ ಓಟದ ಗುಂಪೊಂದಿತ್ತು ಎನ್ನುವುದು ಈಗ ನೆನಪಾಗುತ್ತದೆ.

ನಾನು ಕೊಟ್ಟ ಸಲಹೆ ಇಷ್ಟು. ಶನಿವಾರ, ಭಾನುವಾರ ಅದೇ ಹೊತ್ತಿಗೆ ಅಂಕಣಕ್ಕೆ ಹೋಗಿ, ಆಡಬೇಡಿ. ಯಾಕೆ, ಎಷ್ಟು ವಾರ ಎಂದು ಆ ಮೂವರಿಗೆ ನೀವೇ ನಿಮ್ಮ ಬಾಯಿಂದ ಹೇಳಿ. ನಾಲ್ಕನೆಯವನನ್ನು ನೀವೇ ಹುಡುಕಿ ಕೊಡಿ. ಕುಳಿತು ಅಂಕ ಬರೆಯಿರಿ, ಬಿಡುವಿನಲ್ಲಿ ಹಿಮ್ಮಡಿಯ ವ್ಯಾಯಾಮ ಅಲ್ಲೇ ಮೆಟ್ಟಿಲ ಮೇಲೆ ಮಾಡಿ. ಮಾತ್ರೆಯ ಪಟ್ಟಿಯನ್ನು ವೈದ್ಯರ ಮುಂದಿಟ್ಟು ಎಷ್ಟು ತಿಂಗಳು ನುಂಗಿದ್ದೀರಿ ಎಂದು ಹೇಳಿ. ಅದು ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲ ಮಾತ್ರೆ. ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ ಅಪಾಯ ಹೆಚ್ಚು. ಎಲ್ಲಿ ನಿಲ್ಲಬೇಕೆಂದು ಹೇಳುವ ನೋವಿನ ಬಾಯಿಯನ್ನೇ ಕಟ್ಟಿ ಅವರು ಆಡುತ್ತಿದ್ದರು.

ವ್ಯಾಯಾಮ ನನ್ನದಲ್ಲ, ಮೂರನೆಯ ಫಿಸಿಯೋಥೆರಪಿಸ್ಟ್ ಕೊಟ್ಟದ್ದು. ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಮೊಣಕಾಲು ನೆಟ್ಟಗಿಟ್ಟು 15ರಂತೆ ಮೂರು ಸುತ್ತು, ಮಡಿಸಿ ಮತ್ತೆ ಮೂರು ಸುತ್ತು, ದಿನಕ್ಕೆರಡು ಬಾರಿ. ದಿನಕ್ಕೆ ಒಟ್ಟು 180, ಹೀಗೆ ಹನ್ನೆರಡು ವಾರ. 1998ರಲ್ಲಿ ಇದನ್ನು ಪ್ರಕಟಿಸಿದವರು ಸ್ವೀಡನ್ನಿನ ಮೂಳೆ ತಜ್ಞ ಹಾಕನ್ ಆಲ್ಫ್ರೆಡ್ಸನ್. ಅವರದೇ ಹಿಮ್ಮಡಿ ನೋಯುತ್ತಿತ್ತಂತೆ, ಶಸ್ತ್ರಚಿಕಿತ್ಸೆಗೆ ಮೇಲಧಿಕಾರಿ ಒಪ್ಪಲಿಲ್ಲವಂತೆ. ಹರಿದೇ ಹೋಗಲಿ, ಆಗ ಕೊಯ್ಯದೆ ವಿಧಿಯಿಲ್ಲ ಎಂದು ನೋವಿನಲ್ಲೇ ಹಿಮ್ಮಡಿ ಇಳಿಸುತ್ತ ಹೋದರೆ ನೋವೇ ಹೊರಟುಹೋಯಿತು ಎಂಬ ಕಥೆ ಪ್ರಸಿದ್ಧವಾಗಿದೆ. ಈ ಕಥೆ ನನಗೆ ಹೇಳುವಾಗ ನಮ್ಮ ಆಟಗಾರರು ಮೊದಲ ಬಾರಿ ನಕ್ಕರು. ನನಗೆ ಸ್ವಲ್ಪ ದಿಗಿಲಾಯಿತು. ಹಟಮಾರಿಗಳಿಗೆ ಇಂಥ ಕಥೆ ಬೇಗ ರುಚಿಸುತ್ತದೆ. ಪುಣ್ಯಕ್ಕೆ ಫಿಸಿಯೋಥೆರಪಿಸ್ಟ್ ಒಂದು ಲಗಾಮನ್ನೂ ಹಾಕಿದ್ದರು: ನೋವು ಹತ್ತಕ್ಕೆ ಐದನ್ನು ಮೀರಬಾರದು, ಮರುದಿನ ಬೆಳಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಹಿಂದಿನ ದಿನ ಅತಿಯಾಗಿತ್ತು ಎಂದು ಅರ್ಥ.

ಅಂಕಣಕ್ಕೆ ಕಳುಹಿಸಿದ್ದಕ್ಕೆ ನಾನು ಬೈಸಿಕೊಂಡೆ. ಬೆಕ್ಕನ್ನು ಹಾಲಿನ ಪಾತ್ರೆಯ ಪಕ್ಕ ಕೂರಿಸಿದ್ದೀರಿ ಎಂದರು ಪರಿಚಯದ ವೈದ್ಯರೊಬ್ಬರು. ನೀವಾದರೂ ಖಡಾಖಂಡಿತವಾಗಿ ಬೇಡ ಎನ್ನಬಹುದಿತ್ತಲ್ಲ ಎಂದು ಹೆಂಡತಿ ಬೇಸರಪಟ್ಟುಕೊಂಡರು. ಬೇಡ ಎಂದು ಹೇಳುವವರು ಅವರಿಗೆ ಏಳು ತಿಂಗಳಿನಿಂದ ಸಿಕ್ಕಿದ್ದರು. ಅದರ ಫಲವೇ ಆ ಹತ್ತಿಯ ಉಂಡೆ. ಕಾಲಿಗೆ ವಿಶ್ರಾಂತಿ ಬೇಕಿತ್ತು, ಮನುಷ್ಯನಿಗೆ ಆ ಗುಂಪು ಬೇಕಿತ್ತು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೊರಗೆಸೆಯಿರಿ ಎಂದರೆ ಅವರು ಇನ್ನೂ ಜಾಣತನದಿಂದ ಬಚ್ಚಿಡುತ್ತಿದ್ದರು. ಆದರೂ ಐದನೆಯ ವಾರ ಬೆಕ್ಕು ಹಾಲಿಗೆ ಬಾಯಿ ಹಾಕಿತು: ಯಾರೋ ತಡವಾಗಿ ಬಂದರೆಂದು ಒಂದು ಗೇಮ್ ಆಡಿದರು, ಮೂರು ದಿನ ಕುಂಟಿದರು. ಆದರೆ ಮಾತ್ರೆ ನುಂಗದೆ ಆಡಿದ್ದರು, ನಾನು ಕೇಳುವ ಮೊದಲೇ ಹೇಳಿದರು. ನಾನು ಅದನ್ನು ಸೋಲಿನ ಲೆಕ್ಕಕ್ಕೆ ಬರೆದುಕೊಳ್ಳಲಿಲ್ಲ. ವೈದ್ಯರು ಬರೆದುಕೊಂಡರು.

ಓದುವವರಿಗಾಗಿ ಒಂದೆರಡು ಮಾತು. ಆಡುವಾಗ ಹಿಮ್ಮಡಿಯ ಮೇಲೆ ಯಾರೋ ಹಿಂದಿನಿಂದ ಒದ್ದಂತಾಗಿ, ಟಪ್ ಎಂದು ಸದ್ದಾಗಿ, ಆಮೇಲೆ ಆ ಕಾಲಿನ ತುದಿಬೆರಳಿನ ಮೇಲೆ ನಿಲ್ಲಲಾಗದಿದ್ದರೆ ವ್ಯಾಯಾಮ, ಆಪ್ತಸಲಹೆ ಎಲ್ಲವನ್ನೂ ಬಿಟ್ಟು ಅಂದೇ ವೈದ್ಯರ ಬಳಿ ಹೋಗಿ. ಇನ್ನೊಂದು, ವಾರಾಂತ್ಯದ ಆಟಗಾರರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವನ್ನು ನನ್ನೆದುರು ಒಪ್ಪಿಸುತ್ತಾರೆ. ಅದೇ ಸಂಸ್ಥೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಹೇಳಿದೆ. ಆ ಸಾಲಿನವರೆಗೆ ಓದಿ ಬಂದವರನ್ನು ನಾನಿನ್ನೂ ಕಂಡಿಲ್ಲ.

ನಾಲ್ಕು ತಿಂಗಳ ನಂತರ ಅವರು ಇಪ್ಪತ್ತು ನಿಮಿಷದಿಂದ ಮತ್ತೆ ಆಟ ಶುರು ಮಾಡಿದರು. ಈಗ ಗುಂಪಿನಲ್ಲಿ ಐವರಿದ್ದಾರೆ, ಸರದಿಯಲ್ಲಿ ಒಬ್ಬರು ಹೊರಗೆ ಕೂರುತ್ತಾರೆ. ಆಟಕ್ಕೆ ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವ ಇವರನ್ನು ಉಳಿದವರು ಗೇಲಿ ಮಾಡುತ್ತಾರಂತೆ. ಶಟಲ್ ಡಬ್ಬಿಯಲ್ಲಿ ಈಗ ಶಟಲ್‌ಗಳೇ ಇವೆ.

ಅದರಲ್ಲಿ ಮೊದಲು ಏನಿತ್ತು ಎಂಬುದನ್ನು ಹೆಂಡತಿಗೆ ಇನ್ನೂ ಹೇಳಿಲ್ಲ. ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಹೇಳುತ್ತೇನೆ ಎಂದಿದ್ದರು. ಎರಡು ಬಾರಿ ದಿನ ಮುಂದೂಡಿದ್ದಾರೆ, ಮೂರನೆಯ ಬಾರಿ ನಾನು ಒಪ್ಪಲಿಲ್ಲ.