ಸಾಫ್ಟ್‌ವೇರ್ ಆಮೇಲೆ, ಮೊದಲು ಒಂದು ನೋಟ್‌ಬುಕ್ ತನ್ನಿ

ಪ್ರಶ್ನೆ: ನಾನು ಗದಗಿನ ನಿವೃತ್ತ ಶಿಕ್ಷಕಿ. ನಮ್ಮ ಯಜಮಾನರಿಗೆ ಸಂಗೀತದ ಹುಚ್ಚು. ವೀರೇಶ್ವರ ಪುಣ್ಯಾಶ್ರಮದ ಕಾರ್ಯಕ್ರಮಗಳಲ್ಲಿ ಕೂತು, ಧಾರವಾಡ ಆಕಾಶವಾಣಿ ಹಚ್ಚಿಕೊಂಡು 70 ಕ್ಯಾಸೆಟ್ ತುಂಬಿಸಿಟ್ಟು ಹೋದರು. ಎಲ್ಲವೂ 90 ನಿಮಿಷದವು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಅವನ್ನು ಪೆನ್ ಡ್ರೈವ್‌ಗೆ ಹಾಕಿಸಿದೆ. ‘ಮ್ಯೂಸಿಕ್‌ಬೀ ಹಾಕ್ಕೊ ಆಯಿ, ಎಲ್ಲಾ ಸಾಲಾಗಿ ಕೂಡ್ತಾವ’ ಎನ್ನುತ್ತಾನೆ ಮೊಮ್ಮಗ. ನನ್ನದು ಹಳೆಯ ಲ್ಯಾಪ್‌ಟಾಪ್. ವಿಂಡೋಸ್ 10, ರ್ಯಾಮ್ 4 ಜಿಬಿ. ಸಿ ಡ್ರೈವ್ ಪಟ್ಟಿ ಕೆಂಪಾಗಿದೆ. ಹೊಸದು ಕೊಳ್ಳಬೇಕೇ?

ಉತ್ತರ: ಅಕ್ಕೋರೇ, ಹೊಸದು ಬೇಡ. ಹಾಡು ಜೋಡಿಸಿಡುವ ಸಾಫ್ಟ್‌ವೇರ್‌ಗಳು ಹಗುರ. ಮ್ಯೂಸಿಕ್‌ಬೀ ಆಗಲಿ, ಫೂಬಾರ್ 2000 ಆಗಲಿ, ನಿಮ್ಮ 4 ಜಿಬಿಯಲ್ಲೇ ಆರಾಮಾಗಿ ಓಡುತ್ತವೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಸಿತು, ನಿಜ. ಹಾಗಾಗಿ ಆ ಲ್ಯಾಪ್‌ಟಾಪ್ ಹಾಡಿಗಷ್ಟೇ ಇರಲಿ. ಪಿಂಚಣಿ ಖಾತೆಯ ವ್ಯವಹಾರ ಅದರಲ್ಲಿ ಬೇಡ.

ಪಟ್ಟಿ ಕೆಂಪಾಗುವುದು ಖಾಲಿ ಜಾಗ ಶೇ 10ಕ್ಕಿಂತ ಕಡಿಮೆಯಾದಾಗ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಸ್ಟೋರೇಜ್, ಅಲ್ಲಿ ಟೆಂಪರರಿ ಫೈಲ್ಸ್ ಒತ್ತಿ. ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಡೌನ್‌ಲೋಡ್ಸ್ ಅಂತ ಒಂದು ಸಾಲಿರುತ್ತದೆ, ಅದಕ್ಕೆ ಮಾತ್ರ ಟಿಕ್ ಹಾಕಬೇಡಿ. ಅದು ಕಸ ಅಲ್ಲ, ನೀವೇ ಇಳಿಸಿಕೊಂಡ ಫೈಲುಗಳ ಫೋಲ್ಡರ್. ನಮ್ಮ ಓಣಿಯವರೊಬ್ಬರು ಹೀಗೇ ಟಿಕ್ ಹಾಕಿ ಮಗಳ ಮದುವೆಯ ಫೋಟೊ ಕಳೆದುಕೊಂಡು ಕೂತರು. ಉಳಿದದ್ದನ್ನು ಅಳಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಹಳೇ ಲ್ಯಾಪ್‌ಟಾಪ್ ಅಲ್ವಾ, ಮೂಲೆಯಲ್ಲಿನ ತಾರೀಖನ್ನೂ ನೋಡಿ. ಒಳಗಿನ ಗುಂಡಿಯಂಥ ಸೆಲ್ ಸತ್ತಿದ್ದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ವೆಬ್‌ಸೈಟುಗಳು ಸುರಕ್ಷಿತವಲ್ಲ ಅಂತ ತೆರೆಯುವುದೇ ಇಲ್ಲ, ನೀವು ನೆಟ್‌ನವರನ್ನು ಬೈಯುತ್ತಾ ಕೂರುತ್ತೀರಿ.

ಜಾಗ ಎಷ್ಟು ಬೇಕು? ನಿಮ್ಮ 70 ಕ್ಯಾಸೆಟ್ ಅಂದರೆ 6300 ನಿಮಿಷ. ಅಂಗಡಿಯವರು 128 ಕೆಬಿಪಿಎಸ್ (ಸೆಕೆಂಡಿನ ಹಾಡಿಗೆ ಎಷ್ಟು ಡೇಟಾ ಅನ್ನುವ ಲೆಕ್ಕ) ಎಂಪಿ3 ಮಾಡಿದ್ದರೆ ನಿಮಿಷಕ್ಕೆ ಹತ್ತಿರಹತ್ತಿರ 1 ಎಂಬಿ, ಒಟ್ಟು ಸುಮಾರು 6 ಜಿಬಿ. 320 ಆದರೆ 15 ಜಿಬಿ. ಸಿ.ಡಿ. ಗುಣಮಟ್ಟದ, ಕುಗ್ಗಿಸದ ವೇವ್ ಫೈಲಾದರೆ 60 ಜಿಬಿ ದಾಟುತ್ತದೆ. ಡಿ ಡ್ರೈವ್ ಇದ್ದರೆ ಹಾಡು ಅಲ್ಲಿಗೇ ಹಾಕಿ. ಕಾಪಿ ಮಾಡಿ, ಕಟ್ ಅಲ್ಲ. ಇನ್ನೊಂದು ಕಾಪಿ ಹೊರಗಿನ ಹಾರ್ಡ್ ಡಿಸ್ಕ್‌ಗೆ. ಪೆನ್ ಡ್ರೈವ್ ಕಪಾಟಿಗೆ. ಸಾಫ್ಟ್‌ವೇರ್‌ಗೆ ತೋರಿಸುವುದು ಲ್ಯಾಪ್‌ಟಾಪಿನಲ್ಲಿರುವ ಕಾಪಿ ಮಾತ್ರ.

ಯಾಕಿಷ್ಟು ಹೇಳುತ್ತೇನೆ ಅಂದರೆ, ಇದರಲ್ಲಿ ನಾನು ಕೈ ಸುಟ್ಟುಕೊಂಡವನು. ನಮ್ಮಪ್ಪ ರೇಡಿಯೊ ಮುಂದೆ ಟೇಪ್ ಇಟ್ಟು ನಲವತ್ತು ಕ್ಯಾಸೆಟ್ ತುಂಬಿಸಿದ್ದರು. ಡಬ್ಬಿಯ ಹಾಳೆಯ ಮೇಲೆ ನೀಲಿ ಶಾಯಿಯಲ್ಲಿ ರಾಗ, ಹಾಡಿದವರು, ತಬಲಾ ಯಾರು, ಅವತ್ತು ಮಳೆ ಬಂತೋ ಇಲ್ಲವೋ ಎಲ್ಲ ಬರೆಯೋರು. ನಾನು ಅವನ್ನು ಕಂಪ್ಯೂಟರ್‌ಗೆ ಇಳಿಸಿದೆ. ಕ್ಯಾಸೆಟ್ಟಿಗೊಂದು ಫೋಲ್ಡರ್, ಒಳಗೆ ಟ್ರ್ಯಾಕ್ 1, ಟ್ರ್ಯಾಕ್ 2. ಆಮೇಲೆ ಒಂದು ಸಾಫ್ಟ್‌ವೇರ್ ಹಾಕಿದೆ. ಫೈಲುಗಳನ್ನು ನಾನೇ ಜೋಡಿಸಿಡಲೇ ಎಂದು ಕೇಳಿತು. ಜೋಡಿಸಪ್ಪಾ ಅಂದೆ. ಚಹಾ ಕುಡಿದು ಬರುವಷ್ಟರಲ್ಲಿ ನಲವತ್ತೂ ಫೋಲ್ಡರ್ ಖಾಲಿ! ಎಲ್ಲವೂ ‘ಅನ್‌ನೋನ್ ಆರ್ಟಿಸ್ಟ್’ ಎಂಬ ಒಂದೇ ಫೋಲ್ಡರಿನಲ್ಲಿ. ಟ್ರ್ಯಾಕ್ 1, ಟ್ರ್ಯಾಕ್ 1 ಕಂಸದಲ್ಲಿ 2, ಕಂಸದಲ್ಲಿ 3, ಹೀಗೇ ನಲವತ್ತರ ತನಕ. ಅದು ಜೋಡಿಸುವುದು ಫೈಲಿನ ಒಳಗೆ ಬರೆದಿರುವ ಟ್ಯಾಗ್ ನೋಡಿ, ಅಂದರೆ ಹಾಡಿನ ಹೆಸರು, ಹಾಡಿದವರು ಇತ್ಯಾದಿ ವಿವರದ ಚೀಟಿ. ನನ್ನವಕ್ಕೆ ಟ್ಯಾಗೇ ಇರಲಿಲ್ಲ. ಕೇಳಿ ಕೇಳಿ ಬೇರ್ಪಡಿಸಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಕರೆಂಟ್ ಹೋಗಿ ದನಿ ಕೀಚಲಾಗಿ ನಿಂತ ಜಾಗ, ನಡುವೆ ಅವ್ವ ಅಡುಗೆಮನೆಯಿಂದ ‘ಊಟಕ್ಕ ಬರ್ರಿ’ ಅಂದದ್ದು, ಇವೇ ನನಗೆ ಗುರುತು.

ನೀವು ಆ ತಪ್ಪು ಮಾಡಬೇಡಿ. ಒಂದು ನೋಟ್‌ಬುಕ್ ತನ್ನಿ. ಕ್ಯಾಸೆಟ್ ಡಬ್ಬಿಗಳನ್ನು ಮುಂದಿಟ್ಟುಕೊಂಡು ನಂಬರು ಹಾಕಿ: 01ಎ, 01ಬಿ, 02ಎ. ಸೊನ್ನೆ ಬಿಡಬೇಡಿ, ಕೆಲವು ಪ್ಲೇಯರ್‌ಗಳಲ್ಲಿ 10 ಬಂದು 2ರ ಮುಂದೆ ಕೂರುತ್ತದೆ. ಆಮೇಲೆ ಹೆಸರುಗಳ ಕಾಗುಣಿತ. ಇದೇ ದೊಡ್ಡ ಕೆಲಸ. ಮಲ್ಲಿಕಾರ್ಜುನ ಮನ್ಸೂರರನ್ನು ಒಂದು ಕಡೆ ಮನ್ಸೂರ, ಇನ್ನೊಂದು ಕಡೆ ಮನಸೂರ, ಮತ್ತೊಂದು ಕಡೆ ಮನ್ಸೂರ್ ಎಂದು ಬರೆದರೆ ಕಂಪ್ಯೂಟರ್‌ಗೆ ಅವರು ಮೂವರು. ಗಂಗೂಬಾಯಿಯವರ ಶುರುವಿನ ಗ್ರಾಮಫೋನ್ ಪ್ಲೇಟುಗಳ ಮೇಲೆ ಗಾಂಧಾರಿ ಹಾನಗಲ್ ಎಂದೇ ಇತ್ತು. ಅಂಥದ್ದೇನಾದರೂ ನಿಮ್ಮಲ್ಲಿದ್ದರೆ ಒಂದೇ ಹೆಸರಿಗೆ ತನ್ನಿ, ಹಳೆಯ ಹೆಸರು ಟ್ಯಾಗ್‌ನ ಕಾಮೆಂಟ್ ಜಾಗದಲ್ಲಿರಲಿ. ಟ್ಯಾಗ್ ತುಂಬುವಾಗ ಟೈಟಲ್‌ನಲ್ಲಿ ರಾಗ, ಆರ್ಟಿಸ್ಟ್‌ನಲ್ಲಿ ಹಾಡಿದವರು, ಆಲ್ಬಂನಲ್ಲಿ ಕ್ಯಾಸೆಟ್ ನಂಬರು. ನನ್ನ ಪದ್ಧತಿ ಇದು, ರಾಗವನ್ನು ಜಾನರ್‌ನಲ್ಲಿ (ಸಂಗೀತದ ಬಗೆ ಬರೆಯುವ ಜಾಗ) ಹಾಕುವವರೂ ಇದ್ದಾರೆ. ಕನ್ನಡದಲ್ಲೇ ಬರೆಯಬಹುದು, ಲ್ಯಾಪ್‌ಟಾಪ್ ಓದುತ್ತದೆ. ಮಗನ ಕಾರಿನ ಪ್ಲೇಯರ್ ಮಾತ್ರ ಬರೀ ಚೌಕ ಚೌಕ ತೋರಿಸಬಹುದು.

ಇಷ್ಟಾದ ಮೇಲೆ ಸಾಫ್ಟ್‌ವೇರನ್ನು ಅದರ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿ. ಫೈಲು ತಾನೇ ಜೋಡಿಸುವ, ನೆಟ್‌ನಿಂದ ತಾನೇ ಟ್ಯಾಗ್ ತರುವ ಆಯ್ಕೆಗಳಿದ್ದರೆ ಮೊದಲು ಆಫ್ ಮಾಡಿ. ನಿಮ್ಮ ಯಜಮಾನರು ಅವತ್ತು ಯಾರದನ್ನು ತುಂಬಿಸಿಕೊಂಡರು ಅನ್ನುವುದು ನೆಟ್‌ಗೇನು ಗೊತ್ತು? ಒಂದೇ ಕ್ಯಾಸೆಟ್ ಸೇರಿಸಿ ನೋಡಿ, ಸರಿ ಬಂದರೆ ಉಳಿದದ್ದು. ಮೊಮ್ಮಗನಿಗೆ ಅವಸರ ಜಾಸ್ತಿ ಇರುತ್ತದೆ, ಅವನನ್ನು ನಂಬರು ಬರೆಯಲು ಕೂಡಿಸಿ.

ಪ್ರಶ್ನೆ: ಸಾಫ್ಟ್‌ವೇರ್ ಇಳಿಸುವಾಗ 32 ಬಿಟ್, 64 ಬಿಟ್ ಎಂದು ಕೇಳುತ್ತದೆ. ಯಾವುದು ಒತ್ತಲಿ? (ಓದುಗರು, ರಾಣೇಬೆನ್ನೂರು)

ಉತ್ತರ: ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್‌ನಲ್ಲಿ ಸಿಸ್ಟಂ ಟೈಪ್ ಎಂಬ ಸಾಲು ನೋಡಿ, ಅಲ್ಲಿದ್ದದ್ದೇ ಒತ್ತಿ. ಗೊತ್ತಾಗದಿದ್ದರೆ 32 ಒತ್ತಿ. ಅದು 64ರಲ್ಲೂ ಓಡುತ್ತದೆ, 64ರದ್ದು 32ರಲ್ಲಿ ಓಡುವುದಿಲ್ಲ.