ಹುಬ್ಬಳ್ಳಿಯೋ, ಮೈಸೂರೋ, ಮರಳಿ ಶಿರಸಿಯೋ: ಊರು ಬದಲಿಸಲು ಹೊರಟ ದಂಪತಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಪತಿಗೆ 36 ವರ್ಷ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಪತ್ನಿಗೆ 33, ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ತವರು ಕಾರವಾರದ ಕಡೆ. ಮಗಳು ಎರಡನೇ ತರಗತಿ. ವಾಸ ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಶಿರಸಿ ಹತ್ತಿರದ ಹಳ್ಳಿಯಲ್ಲಿ ಪತಿಯ ಅಪ್ಪ, ಆಯಿ, ಎರಡು ಎಕರೆ ಅಡಿಕೆ ತೋಟ. ತಿಂಗಳಿಗೆ ಎರಡು ದಿನ ಆಫೀಸಿಗೆ ಬಂದರೆ ಸಾಕು ಎಂದು ಕಂಪನಿ ಹೇಳಿದ ಮೇಲೆ ಚರ್ಚೆ ಶುರುವಾಗಿದೆ. ಪತಿ ಒಮ್ಮೆ ಮೈಸೂರು ಎನ್ನುತ್ತಾರೆ, ಇನ್ನೊಮ್ಮೆ ಊರಿಗೇ ಹೋಗೋಣ ಎನ್ನುತ್ತಾರೆ. ಪತ್ನಿಯದು ಮಂಗಳೂರು, ಇಲ್ಲವೇ ಗೋವಾ.

ನನ್ನ ಬಳಿ ಸಲಹೆಗೆ ಬರುವಾಗ ಒಂದು ಎಕ್ಸೆಲ್ ಪಟ್ಟಿ ತಂದಿದ್ದರು: ಹವೆ, ಬಾಡಿಗೆ, ಟ್ರಾಫಿಕ್, ಪಾರ್ಕು, ಪ್ರತಿ ಊರಿಗೂ ಹತ್ತಕ್ಕೆ ಇಷ್ಟು ಅಂಕ. ಈ ಬಗೆಯ ಪಟ್ಟಿಯಿಂದ ತೀರ್ಮಾನ ಆಗುವುದು ಅಪರೂಪ. ಬಿಟ್ಟುಕೊಡಲಾಗದ ವಿಷಯವನ್ನೂ ಇದ್ದರೆ ಒಳ್ಳೆಯದು ಎನ್ನುವ ವಿಷಯವನ್ನೂ ಒಟ್ಟಿಗೆ ಕೂಡಿದರೆ ಬರುವ ಮೊತ್ತಕ್ಕೆ ಅರ್ಥವಿಲ್ಲ. ಪಟ್ಟಿ ಬದಿಗಿಟ್ಟು, ಇಬ್ಬರೂ ಬೇರೆ ಬೇರೆ ಕೂತು 'ಇದಿಲ್ಲದಿದ್ದರೆ ಆ ಊರು ಬೇಡ' ಎನ್ನುವಂಥದ್ದನ್ನು ಐದಕ್ಕೆ ಮೀರದಂತೆ ಬರೆಯಲು ಹೇಳಿದೆ.

ಪತಿ ಬರೆದದ್ದು: ಫೋನ್ ಬಂದರೆ ನಾಲ್ಕು ಗಂಟೆಯಲ್ಲಿ ಮನೆ ಮುಟ್ಟಬೇಕು, ಅಪ್ಪನ ಹೃದಯದ ತಪಾಸಣೆಗೆ ದೊಡ್ಡ ಆಸ್ಪತ್ರೆ ಬೇಕು. ಪತ್ನಿ ಬರೆದದ್ದು: ನನ್ನ ಕೆಲಸ ನಿಲ್ಲಬಾರದು, ಅತ್ತೆಮನೆಯಲ್ಲೇ ವಾಸ ಬೇಡ, ಮಗಳ ಶಾಲೆ ವರ್ಷದ ನಡುವೆ ಬದಲಾಗಬಾರದು. ಹವೆ, ಪಾರ್ಕು, ಟ್ರಾಫಿಕ್ ಎರಡೂ ಹಾಳೆಯಲ್ಲಿ ಇರಲಿಲ್ಲ.

ಮೈಸೂರಿನಿಂದ ಶಿರಸಿ 400 ಕಿ.ಮೀ. ಹತ್ತಿರ. ರಾತ್ರಿ ರೈಲು ತಾಳಗುಪ್ಪದವರೆಗೆ ಇದೆ, ಅಲ್ಲಿಂದ ಮತ್ತೆ ಬಸ್ಸು. ಮಂಗಳೂರಿನಿಂದ ಸುಮಾರು 250. ಮಳೆಗಾಲದಲ್ಲಿ ದೇವಿಮನೆ ಘಟ್ಟ ಕುಸಿದರೆ ಸುತ್ತಬೇಕು. ಕರಾವಳಿಯ ಹೆದ್ದಾರಿಯನ್ನೂ ನೆಚ್ಚುವಂತಿಲ್ಲ, 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಏನಾಯಿತೆಂದು ಉತ್ತರ ಕನ್ನಡ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಗೋವಾ ಆದರೆ ಪತ್ನಿ ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು, ವಾಹನ ಅಲ್ಲಿ ಹನ್ನೆರಡು ತಿಂಗಳು ದಾಟಿದರೆ ಅದಕ್ಕೂ ಹೊಸ ನಂಬರು. ಹುಬ್ಬಳ್ಳಿ ಸುಮಾರು 100 ಕಿ.ಮೀ., ಬಸ್ಸಿನಲ್ಲಿ ಮೂರು ಗಂಟೆಯೊಳಗೆ. ಘಟ್ಟದ ಮೇಲಿನ ಗಂಭೀರ ಕಾಯಿಲೆಯವರು ಹೇಗೂ ಅಲ್ಲಿಗೇ ಹೋಗುವುದು. ಬೆಂಗಳೂರಿಗೆ ರಾತ್ರಿ ರೈಲೂ ಇದೆ, ವಂದೇ ಭಾರತವೂ ಇದೆ.

ಆದರೂ ಪತಿಗೆ ಶಿರಸಿಯ ಆಸೆ ಬಿಡಲಿಲ್ಲ. ಅದನ್ನು ಮಾತಿನಲ್ಲಿ ಅಲ್ಲಗಳೆಯುವುದಕ್ಕಿಂತ ಪರೀಕ್ಷಿಸುವುದು ಮೇಲು. ಜುಲೈನಲ್ಲಿ ಹತ್ತು ದಿನ ಅಲ್ಲಿಂದಲೇ ಕೆಲಸ ಮಾಡಿ, ಒಂದು ದಿನವೂ ರಜೆ ಹಾಕಬೇಡಿ ಎಂದೆ. ಡಿಸೆಂಬರಿನಲ್ಲಿ ಹೋದರೆ ಯಾವ ಊರೂ ಸ್ವರ್ಗವೇ. ಕರೆಂಟು ಹೋಗುವುದಕ್ಕೆ ಇನ್ವರ್ಟರ್ ಇತ್ತು, ಫೈಬರ್ ತಂತಿಯ ಮೇಲೆ ಮರ ಬಿದ್ದದ್ದಕ್ಕೆ ಪರಿಹಾರ ಇರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ. ಮನೆಯಲ್ಲಿ ಕೂತವನು ಕೆಲಸದಲ್ಲಿದ್ದಾನೆ ಎಂದು ಅಪ್ಪನಿಗೆ ಅನ್ನಿಸಲೇ ಇಲ್ಲ. ಮೀಟಿಂಗಿನ ನಡುವೆಯೇ ಕೊಟ್ಟಿಗೆಗೆ, ಬ್ಯಾಂಕಿಗೆ, ಸೊಸೈಟಿಗೆ ಕರೆ. ಮರಳಿ ಬಂದಾಗ ಪತ್ನಿ ಹೇಳಿದ್ದು: "ಇವರು ಅಲ್ಲಿ ಅಪ್ಪನ ಮಗ, ನಾನು ಅಡಿಗೆಮನೆ. ಹತ್ತು ದಿನಕ್ಕೇ ಹೀಗಾದರೆ?" ಈ ಮಾತಿಗೆ ಪತಿ ವಾದಿಸಲಿಲ್ಲ.

ಹುಬ್ಬಳ್ಳಿ ಎಂದು ತೀರ್ಮಾನವಾಯಿತು. ಉಳಿದದ್ದು ಅಪ್ಪನಿಗೆ ಹೇಳುವುದು. 'ತೋಟ ಯಾರು ನೋಡುವವರು' ಎಂಬ ಪ್ರಶ್ನೆಗೆ 'ಆಗಾಗ ಬರುತ್ತೇನೆ' ಎಂಬ ಉತ್ತರ ಸಾಲದು. ಯಾವಾಗ ಬೇಕಾಗುತ್ತದೆಂದು ಅವರ ಬಾಯಲ್ಲೇ ಕೇಳಿ ಬರೆದುಕೊಳ್ಳಿ ಎಂದೆ. ಬಂದ ಉತ್ತರ ಅಂದುಕೊಂಡದ್ದಕ್ಕಿಂತ ಚಿಕ್ಕದು: ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವಾಗ, 40–45 ದಿನ ಕಳೆದು ಎರಡನೇ ಸಲ ಹೊಡೆಸುವಾಗ, ಆಮೇಲೆ ಕೊನೆ (ಅಡಿಕೆ ಗೊನೆ) ಕೊಯ್ಲಿಗೆ. ಮರ ಹತ್ತಲು ಕೊನೆಗೌಡ ಬರುತ್ತಾನೆ. ಬೇಕಾದದ್ದು ಮುಂದೆ ನಿಲ್ಲುವ ಜನ. ಹುಬ್ಬಳ್ಳಿಯಿಂದ ಅದು ಶನಿವಾರ ಭಾನುವಾರದ ಕೆಲಸ, ಕೊಯ್ಲಿಗೆ ಮಾತ್ರ ರಜೆ. ಅಪ್ಪನೊಂದಿಗೆ ಮಾತಾಡುವುದು ಮಗನೇ. ಸೊಸೆಯ ಕೆಲಸವನ್ನು ನೆಪವಾಗಿ ಮುಂದಿಡಬಾರದು ಎಂದು ಖಡಾಖಂಡಿತವಾಗಿ ಹೇಳಿದೆ.

ಖರ್ಚಿನ ಲೆಕ್ಕದಲ್ಲಿ ಬಹಳ ಜನ ಲಾರಿ ಬಾಡಿಗೆ ಮಾತ್ರ ಹಿಡಿಯುತ್ತಾರೆ. ಇವರದು ಹೀಗಾಯಿತು: ಹೊಸ ಮನೆಗೆ ಮುಂಗಡ 1,00,000, ಸಾಗಣೆ 35,000, ಒಂದು ತಿಂಗಳು ಎರಡೂ ಮನೆಗೆ ಬಾಡಿಗೆ ಕಟ್ಟುವ ಹೊರೆ 22,000, ಶಾಲೆ 40,000, ಪತ್ನಿಗೆ ಕೆಲಸ ಸಿಗುವವರೆಗಿನ ಮೂರು ತಿಂಗಳ ಸಂಬಳ 84,000. ಒಟ್ಟು 2,81,000 ರೂಪಾಯಿ. ಬೆಂಗಳೂರಿನ ಮುಂಗಡವನ್ನು ಇದರಲ್ಲಿ ಕಳೆಯಬೇಡಿ. ಪೇಂಟಿಂಗಿಗೆಂದು ಮುರಿದುಕೊಂಡು, ತಡವಾಗಿ ಕೈಗೆ ಬರುವ ಹಣ ಅದು.

ಹುಬ್ಬಳ್ಳಿಯಲ್ಲಿ ಮನೆ ನೋಡುವಾಗ ಮೊದಲ ಪ್ರಶ್ನೆ ನೀರು. ಎಲ್ಲ ವಾರ್ಡಿಗೂ ದಿನವಿಡೀ ಬರುವುದಿಲ್ಲ. ಎಷ್ಟು ದಿನಕ್ಕೊಮ್ಮೆ ಎಂದು ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ಮೂವರಿಗೆ 405. ಐದು ದಿನದ ಅಂತರಕ್ಕೆ 2,000 ಲೀಟರ್ ಮೀರುತ್ತದೆ. ಸಂಪು ಅದಕ್ಕಿಂತ ಚಿಕ್ಕದಾದರೆ, ಅಥವಾ ಮೂರು ಮನೆಗೆ ಒಂದೇ ಆದರೆ, ಬಾಡಿಗೆ ಕಡಿಮೆಯಿದ್ದರೂ ಬೇಡ. ಕರಾರು 11 ತಿಂಗಳಿನದು ಸಾಕು, ಇಷ್ಟು ತಿಂಗಳು ಮನೆ ಬಿಡುವಂತಿಲ್ಲ ಎನ್ನುವ ಲಾಕ್‌ಇನ್ ಷರತ್ತಿದ್ದರೆ ತೆಗೆಸಿ. ಸೈಟು, ಫ್ಲಾಟಿನ ಮಾತು ಒಂದು ಮಳೆಗಾಲ ಮತ್ತು ಒಂದು ಕೊನೆ ಕೊಯ್ಲು ಕಳೆಯುವವರೆಗೆ ಎತ್ತಬಾರದು.

ಪತ್ನಿಯ ಕೆಲಸ ಮೊದಲು, ಮನೆ ಆಮೇಲೆ ಎಂಬ ಕ್ರಮಕ್ಕೆ ಇಬ್ಬರೂ ಒಪ್ಪಿದರು. ಆಸ್ಪತ್ರೆ ಗೊತ್ತಾದರೆ ನೈಟ್ ಶಿಫ್ಟಿಗೆ ಹೋಗಿಬರುವ ದಾರಿ ನೋಡಿ ಬಡಾವಣೆ ಆರಿಸಬಹುದು. ಶಾಲೆ ವಿಚಾರಿಸುವುದು ಜನವರಿಯಿಂದ, ಟಿಸಿ ಪರೀಕ್ಷೆಯ ನಂತರ, ಸಾಗಣೆ ಏಪ್ರಿಲ್‌ನಲ್ಲಿ. ರಾಜ್ಯದೊಳಗೇ ಆದ್ದರಿಂದ ಮಗಳ ಸ್ಯಾಟ್ಸ್ ಸಂಖ್ಯೆ (ರಾಜ್ಯದ ವಿದ್ಯಾರ್ಥಿ ದಾಖಲೆಯ ಸಂಖ್ಯೆ) ಬದಲಾಗುವುದಿಲ್ಲ.

ಕೊನೆಯ ಭೇಟಿಯಲ್ಲಿ ಹುಬ್ಬಳ್ಳಿ ಬಿಡಲು ಮೂರು ಕಾರಣಗಳನ್ನು ಈಗಲೇ ಬರೆಸಿದೆ: ಆರು ತಿಂಗಳಾದರೂ ಪತ್ನಿಗೆ ಕೆಲಸ ಸಿಗದಿರುವುದು, ಕಂಪನಿ ವಾರಕ್ಕೆ ಮೂರು ದಿನ ಆಫೀಸಿಗೆ ಕರೆಯುವುದು, ಮಗಳು ಮೊದಲ ಅರ್ಧವರ್ಷ ಕಳೆದರೂ ಶಾಲೆಗೆ ಹೊಂದದಿರುವುದು. ಇದರಲ್ಲಿ ಎರಡು ನಿಜವಾದರೆ ಕರಾರು ನವೀಕರಿಸುವ ಮೊದಲು ಇಬ್ಬರೂ ಬರಬೇಕು, ಒಬ್ಬರೇ ಅಲ್ಲ.